ಏಡನ್ನಿಗೆ ಒಯ್ದ ದವನ

ಬೀದರ

ಸಮುದ್ರ ದಾಟಿ ಅರಬಸ್ತಾನದ ಏಡನ್ನಿಗೆ ಹೋಗುತ್ತೇನೆ ಎಂದಾಗ ನಮ್ಮ ಓಣಿಯ ಜನ ಮೊದಲು ಕೇಳಿದ್ದು, "ಹಜ್ಜಿಗಿ ಹೊಂಟೀ ಏನೋ ಈರಣ್ಣ?" ಎಂದು. ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ ಇರುವವನಿಗೆ ಕೇಳುವ ಮಾತೇ ಇದು? ಆದರೆ ಅವರದೂ ತಪ್ಪಿರಲಿಲ್ಲ. ಬೀದರದಿಂದ ಆ ಕಡೆ ಹೋದವರೆಲ್ಲ ಹಜ್ ಯಾತ್ರೆಗೇ ಹೋದವರು. ಚೌಬಾರಾದ ಹತ್ತಿರ ಕುಂಕುಮ, ಕರ್ಪೂರ, ಲೋಬಾನ, ಊದುಬತ್ತಿ ಮಾರಿಕೊಂಡಿರುವ ನನ್ನಂಥವನಿಗೆ ಅಲ್ಲೇನು ಕೆಲಸ?

ಒಂದು ಡಬ್ಬಿ ದವನ ಮುಟ್ಟಿಸುವ ಕೆಲಸವಿತ್ತು. ಅದು ಎಲ್ಲರಿಗೂ ಹೇಳಿದ ಕೆಲಸ. ಯಾರಿಗೂ ಹೇಳದ ಕೆಲಸ ಇನ್ನೊಂದಿತ್ತು.

ನಿಜಾಮರ ಕಾಲದಲ್ಲಿ ಬೀದರದ ಖಜಾನೆಯ ಪಹರೆಗೆ ಅರಬ ಸಿಪಾಯಿಗಳಿದ್ದರು. ಅವರಲ್ಲಿ ಒಬ್ಬರು ಸಾಲೇಹ್. ಅವರ ಅಜ್ಜ ಎಂದೋ ಅರಬಸ್ತಾನದಿಂದ ಬಂದವನು. ಇವರು ಹುಟ್ಟಿದ್ದು ಮಾತ್ರ ಬೀದರದ ಮಗ್ಗುಲ ಅಷ್ಟೂರಿನಲ್ಲಿ. ನಮ್ಮ ಮನೆಗೂ ಅವರ ಮನೆಗೂ ಆಗಿನಿಂದಲೇ ಬಳಕೆ. ಅವರ ಹೆಂಡತಿ ಖೈರೂನ್ ಭಾಲ್ಕಿಯವಳು. ನನ್ನ ತಾಯಿಯ ತವರೂ ಭಾಲ್ಕಿಯ ಅದೇ ಓಣಿ. ಹೀಗಾಗಿ ಚಿಕ್ಕಂದಿನಿಂದ ಅವಳು ನನಗೆ ಖೈರೂನಕ್ಕ, ಅವರು ಸಾಲೇಹಮಾಮಾ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಅವರು ನನ್ನ ಅಂಗಡಿಗೆ ಬರುತ್ತಿದ್ದರು. ಜೇಬಿನ ಕಾಗದದ ಪೊಟ್ಟಣ ಬಿಚ್ಚಿ, ಉಗುರಿನಷ್ಟು ಊದ್ ಚಕ್ಕೆಯನ್ನು ನನ್ನ ಕೆಂಡಕ್ಕೆ ಹಾಕಿ, "ಇದು ಪರಿಮಳ. ನೀ ಮಾರೋದು ಬರೇ ಹೊಗಿ" ಎನ್ನುತ್ತಿದ್ದರು. ಊದ್ ಎಂದರೆ ನಮ್ಮ ಅಗರು. ಊದುಬತ್ತಿ ಎಂಬ ನಮ್ಮ ಮಾತಿನಲ್ಲೇ ಆ ಹೆಸರು ಕೂತಿದೆ. ಬತ್ತಿಯಲ್ಲಿ ಮಾತ್ರ ಊದ್ ಇರುವುದಿಲ್ಲ.

ರಜಾಕಾರರ ಹಾವಳಿಯ ತಿಂಗಳುಗಳಲ್ಲಿ ಔರಾದ ಕಡೆ, ಠಾಣಾ ಕುಶನೂರಿನಲ್ಲಿ, ನನ್ನ ಮಾವನವರ ಕಣಜ ಸುಟ್ಟರು. ಬೀದರದಲ್ಲೂ ನಮ್ಮ ಓಣಿಗೆ ನುಗ್ಗುತ್ತಾರೆಂದು ಸುದ್ದಿ ಹಬ್ಬಿತು. ಸಾಲೇಹಮಾಮಾ ಮನೆಯಿಂದ ಕುರ್ಚಿ ತಂದು ಓಣಿಯ ಬಾಯಿಗೆ ಹಾಕಿಕೊಂಡು, ಬಂದೂಕು ತೊಡೆಯ ಮೇಲಿಟ್ಟುಕೊಂಡು ಮೂರು ದಿನ ಕೂತರು. ಯಾರೂ ಒಳಗೆ ಬರಲಿಲ್ಲ.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ನಿಜಾಮರ ಆಳಿಕೆ ಮುಗಿಯಿತು. ಹೊಸ ಸರಕಾರದವರು ಅರಬ ಸಿಪಾಯಿಗಳನ್ನು ಒಂದೆಡೆ ಕೂಡಿಹಾಕಿ ಏಡನ್ನಿಗೆ ಕಳಿಸುವುದೆಂದು ಠರಾಯಿಸಿದರು. ಇಲ್ಲೇ ಹುಟ್ಟಿದವನೆಂದು ಊರ ಜನ ಸಾಕ್ಷಿ ಹೇಳಿದರೆ ಉಳಿಯಬಹುದು ಎಂಬ ಮಾತಿತ್ತು. ಖೈರೂನಕ್ಕ ನಮ್ಮ ಹಿತ್ತಲ ಬಾಗಿಲಿಗೆ ಬಂದಳು.

"ತಮ್ಮಾ, ನಿಮ್ಮ ಮಾಮಾನ ಸಲುವಾಗಿ ಒಂದು ಮಾತು ಹೇಳ್ತಿ ಏನು?"

"ನಾಳಿಗಿ ಬರ್ತೇನಕ್ಕ" ಎಂದೆ.

ಆ ದಿನಗಳಲ್ಲಿ ಅರಬನ ಪರ ಬಾಯಿ ಬಿಟ್ಟವನಿಗೆ ಜನ ರಜಾಕಾರರ ಕಡೆಯವನೆನ್ನುತ್ತಿದ್ದರೆಂದು ನನಗೆ ಗೊತ್ತಿತ್ತು. ಮರುದಿನ ಬೆಳಕು ಹರಿಯುತ್ತಲೇ ಹೆಂಡತಿಯನ್ನು ಕರೆದುಕೊಂಡು ಕುಶನೂರಿಗೆ ಹೋಗಿ ಎಂಟು ದಿನ ಕೂತೆ. ತಿರುಗಿ ಬಂದಾಗ ಅವರ ಮನೆಗೆ ಬೀಗ ಬಿದ್ದಿತ್ತು.

ಆರು ವರ್ಷದ ಮೇಲೆ ಅವರ ಮಗಳು ಜೈನಬ ಉರ್ದುವಿನಲ್ಲಿ ಬರೆದ ಪತ್ರ ಏಡನ್ನಿನಿಂದ ಬಂತು. ನಿಜಾಮರ ಸಾಲೆಯಲ್ಲಿ ಕಲಿತ ನನಗೆ ಉರ್ದು ಕನ್ನಡಕ್ಕಿಂತ ಸಲೀಸು. ತಾನು ಅಲ್ಲಿ ಹೊಸ ಬಗೆಯ ಊದ್ ಅತ್ತರು ಮಾಡುತ್ತಿರುವೆನೆಂದೂ ಅದಕ್ಕೆ ನಮ್ಮ ಕಡೆಯ ದವನ ಬೇಕೆಂದೂ, ಒಣಗಿಸಿ ಕಳಿಸಬೇಕೆಂದೂ ಬರೆದಿದ್ದಳು. ಅಂಚೆಯಲ್ಲಿ ಕಳಿಸಿದ್ದರೆ ಆಗುತ್ತಿತ್ತು. ನಾನೇ ಒಯ್ಯುತ್ತೇನೆ ಎಂದೆ. ಹೆಂಡತಿ ಟ್ರಂಕು ಇಳಿಸಿ ಮುಂದಿಟ್ಟಳು. "ಹೋಗಿ ಬರ್ರಿ. ಭಾಳ ದಿನದಿಂದ ಹೋಗಬೇಕಾಗಿತ್ತು" ಎಂದಳು.

ಹಡಗು

ಮುಂಬಯಿಯಲ್ಲಿ ಹಡಗು ಹತ್ತಿದಾಗ ನನ್ನ ಹತ್ತಿರ ಒಂದು ಟ್ರಂಕು, ದವನದ ಡಬ್ಬಿ, ಒಣಗಿಸಿದ ಕಟಿ ರೊಟ್ಟಿಯ ಗಂಟು ಮತ್ತು ಶೇಂಗಾ ಹಿಂಡಿ ಇದ್ದವು. ಬೀದರದವನಿಗೆ ನೀರೆಂದರೆ ಬಾವಿ, ಬಹಳವಾದರೆ ಮಾಂಜ್ರಾ ಹೊಳೆ. ಎತ್ತ ನೋಡಿದರೂ ದಂಡೆಯೇ ಕಾಣದ ನೀರನ್ನು ಕಂಡು ಮೊದಲ ದಿನ ಕಣ್ಣು ಮುಚ್ಚಿಕೊಂಡೇ ಮಲಗಿದೆ. ಎರಡನೆಯ ದಿನ ಹೊಟ್ಟೆಯಲ್ಲಿದ್ದುದೆಲ್ಲ ಸಮುದ್ರಕ್ಕೆ ಸೇರಿತು.

ಮಗ್ಗುಲಲ್ಲಿ ಕಚ್ಛದ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರು ಹಾಸಿಗೆ ಬಿಡಿಸಿದ್ದರು. ಇಪ್ಪತ್ತು ವರ್ಷದಿಂದ ಏಡನ್ನಿಗೆ ಹೋಗಿ ಬರುವವರು. ನಾನು ಲಿಂಗಪೂಜೆಗೆ ಕೂತಾಗ ಹಡಗು ಹೊರಳಿ ನೀರಿನ ತಂಬಿಗೆ ಉರುಳಿತು. ಮಾರನೆಯ ದಿನದಿಂದ ಪೂಜೆ ಮುಗಿಯುವ ತನಕ ಆ ಪುಣ್ಯಾತ್ಮ ನನ್ನ ತಂಬಿಗೆ ಹಿಡಿದುಕೊಂಡು ಕೂತಿರುತ್ತಿದ್ದರು. ಬದಲಿಗೆ ನನ್ನ ರೊಟ್ಟಿ ತಿಂದರು. ಗಟ್ಟಿಯಾಗಿದೆ ಎಂದು ಮುರಿದು ಚಹದಲ್ಲಿ ಅದ್ದಿದರು. ಜೋಳದ ರೊಟ್ಟಿಗೆ ಆ ಗತಿ ಬಂದದ್ದನ್ನು ನಾನು ಮೊದಲ ಸಲ ನೋಡಿದೆ. ಮೂರನೆಯ ದಿನ ನಾನೂ ಅದ್ದಿದೆ. ಕೆಟ್ಟದಾಗಿರಲಿಲ್ಲ.

ಏಡನ್, ಹಡಗುಕಟ್ಟೆ

ಕಪ್ಪು ಗುಡ್ಡ. ಒಂದು ಹಸಿರು ಎಲೆಯಿಲ್ಲ. ನಮ್ಮ ಬೀದರದ ಕೆಂಪು ನೆಲ ಕಂಡ ಕಣ್ಣಿಗೆ ಇದು ಒಲೆಯಿಂದ ಆಗಷ್ಟೇ ತೆಗೆದು ಸುರಿದ ಇದ್ದಿಲಿನ ಹಾಗೆ ಕಂಡಿತು. ಸುಂಕದ ಕಟ್ಟೆಯಲ್ಲಿ ದಪ್ಪ ಮೀಸೆಯ ಜಮಾದಾರನೊಬ್ಬ ನನ್ನ ಡಬ್ಬಿ ತೆಗೆಸಿದ. ಅಲ್ಲಿಯ ಗಂಡಸರು ಮಧ್ಯಾಹ್ನವಾದರೆ ಖಾತ್ ಎಂಬ ಎಲೆಯನ್ನು ಕೆನ್ನೆಯಲ್ಲಿಟ್ಟು ಅಗಿಯುತ್ತ ಕೂಡುತ್ತಾರೆ. ನಮ್ಮಲ್ಲಿ ತಂಬಾಕಿನ ಹಾಗೆ ಅದು. ಇದೂ ಹಿಂದೂಸ್ತಾನದ ಅಂಥದೇ ಎಲೆಯೆಂದು ತಿಳಿದು ಆತ ಒಂದು ಎಸಳು ದವನ ಬಾಯಿಗೆ ಹಾಕಿಕೊಂಡ. ನಾನು ಬೇಡವೆನ್ನುವುದರೊಳಗೆ ಅಗಿದೂ ಆಗಿತ್ತು. ದವನದ ಕಹಿ ಗೊತ್ತಿದ್ದವರಿಗೆ ಅವನ ಮುಖ ಹೇಗಾಯಿತೆಂದು ಹೇಳಬೇಕಿಲ್ಲ. ಉಗುಳಿ, ಬಾಯಿ ತೊಳೆದು ಬಂದು, ಮುರುಕು ಹಿಂದೂಸ್ತಾನಿಯಲ್ಲಿ, "ಇದನ್ನು ಯಾರಿಗೆ ತಿನ್ನಿಸುತ್ತೀ?" ಎಂದ.

"ದೇವರಿಗೆ ಏರಿಸುತ್ತೇವೆ, ಹೆಂಗಸರು ಜಡೆಗೆ ಮುಡಿಯುತ್ತಾರೆ" ಎಂದೆ. ಆತ ಮತ್ತೊಮ್ಮೆ ಮೂಸಿ ನೋಡಿ ನಕ್ಕು, ಒಂದು ಎಸಳನ್ನು ತನ್ನ ರುಮಾಲಿಗೆ ಸಿಕ್ಕಿಸಿಕೊಂಡು ನನ್ನನ್ನು ಬಿಟ್ಟ.

ಹೊರಗೆ ಸಾಲೇಹಮಾಮಾ ನಿಂತಿದ್ದರು. ಗಡ್ಡ ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡು ಅಷ್ಟು ಜನರ ನಡುವೆ ಕೂಗಿದರು:

"ಏ ಈರಣ್ಣಾ! ಇಷ್ಟು ದೂರ ಬಂದಿ, ಇನ್ನಷ್ಟು ಮೊದಲೇ ಬರಲಿಕ್ಕ ಏನಾಗಿತ್ತೋ ನಿನಗ?"

ತಬ್ಬಿಕೊಂಡರು. ಆರು ವರ್ಷದಿಂದ ಕಿವಿಗೆ ಬೀಳದ ಅವರ ದನಿ, ಅದೇ ಊದ್ ವಾಸನೆ. ನಾನು ತಲೆ ಎತ್ತಲಿಲ್ಲ.

ಕ್ರೇಟರ್

ಆ ಊರಿನ ಹಳೆಯ ಪೇಟೆಗೆ ಕ್ರೇಟರ್ ಎನ್ನುತ್ತಾರೆ. ಆರಿಹೋದ ಜ್ವಾಲಾಮುಖಿಯ ಬಾಯೊಳಗೆ ಜನ ಮನೆ ಕಟ್ಟಿಕೊಂಡಿದ್ದಾರೆ. ಆಡುಗಳು ಬೀದಿಯಲ್ಲಿ ಕಾಗದ ತಿನ್ನುತ್ತವೆ. ಒಂಟೆಗಳು ನೀರಿನ ಗಾಡಿ ಎಳೆಯುತ್ತವೆ. ಆ ನೀರು ಉಪ್ಪು. ನಮ್ಮ ಬಾವಿಯ ಸಿಹಿನೀರು ನೆನೆದು ಮೊದಲ ಲೋಟ ಕುಡಿಯುವಾಗ ಅಳು ಬಂತು.

ಮಾಮಾ ಅವರದು ಕೆಳಗೆ ಅಂಗಡಿ, ಮೇಲೆ ಮನೆ. ಜೈನಬ ಓಡಿ ಬಂದು ಡಬ್ಬಿ ಕಸಿದುಕೊಂಡು ಅದರೊಳಗೇ ಮುಖವಿಟ್ಟಳು. ಹೋಗುವಾಗ ಅವಳಿಗೆ ಹದಿನಾರು. ಈಗ ಬಂದರಿನಲ್ಲಿ ಕೆಲಸ ಮಾಡುವವನೊಬ್ಬನನ್ನು ಮದುವೆಯಾಗಿ ಮೇಲಿನ ಅಂತಸ್ತಿನಲ್ಲೇ ಇದ್ದಳು. ಖೈರೂನಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಬಂದ್ಯಾ? ಕೂಡು. ಕಾಯಿಪಲ್ಯೆ ಮಾಡೀನಿ, ನಿನಗ ನಡೀತದ" ಎಂದಳು. ಅಷ್ಟೇ. ತಮ್ಮಾ ಎನ್ನಲಿಲ್ಲ.

ಊಟದ ಮೇಲೆ ಜೈನಬ ತನ್ನ ಕೆಲಸದ ಕೋಣೆ ತೋರಿಸಿದಳು. ಅಪ್ಪನ ಊದ್ ಒಂದು ಕಡೆ: ಕರಿ ಚಕ್ಕೆಗಳು, ಮತ್ತು ಕಾಡಿಗೆಯಷ್ಟು ದಟ್ಟನೆಯ ಎಣ್ಣೆ. ಅರಬರು ಅದರ ಒಂದು ಹನಿಯನ್ನು ಮಣಿಕಟ್ಟಿಗೂ ಕಿವಿಯ ಹಿಂದೆಯೂ ಹಚ್ಚಿ, ಮೇಲೆ ಚಕ್ಕೆಯ ಹೊಗೆಯನ್ನು ಗಡ್ಡಕ್ಕೂ ಬಟ್ಟೆಗೂ ಹಿಡಿಸಿಕೊಳ್ಳುತ್ತಾರೆ. ಎಂಟು ದಿನ ಹೋಗುವುದಿಲ್ಲ. ಆ ಅಗರಿನ ಮರ ಬೆಳೆಯುವುದು ಅಸ್ಸಾಮಿನಲ್ಲಿ. ನಮ್ಮ ದೇಶದ ಮರ ಅರಬರ ಗಡ್ಡಕ್ಕೆ ಸೇರಿ, ಅವರ ಹೆಸರಿನಲ್ಲೇ ನಮ್ಮಲ್ಲಿಗೆ ತಿರುಗಿ ಬರುತ್ತದೆ.

ಇನ್ನೊಂದು ಕಡೆ ಮಗಳದು. ಹಡಗಿನಿಂದ ಇಳಿದು ಬರುವ ಇಂಗ್ಲಿಷ್ ಹೆಂಗಸರು ಊದ್ ಮೂಸಿ ಕುದುರೆ ಲಾಯದ ವಾಸನೆ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ಅದನ್ನು ನೋಡಿ ನೋಡಿ ಜೈನಬ ಊದ್ ಎಣ್ಣೆಯನ್ನು ಸ್ಪಿರಿಟ್ಟಿನಲ್ಲಿ ತಿಳಿಯಾಗಿಸಿ, ಗುಲಾಬಿ ಬೆರೆಸಿ, ರಬ್ಬರ್ ಬುರುಡೆ ಒತ್ತಿದರೆ ಮಂಜಿನ ಹಾಗೆ ಚಿಮ್ಮುವ ಬಾಟಲಿಗೆ ತುಂಬಿದಳು. ಹೆಂಗಸರು ಕೊಂಡರು. ಅವಳಿಗೇ ಸಮಾಧಾನವಾಗಲಿಲ್ಲ.

"ಗುಲಾಬಿ ಎಲ್ಲಾರೂ ಹಾಕ್ತಾರ ಮಾಮಾ" ಎಂದು ನನಗೆ ಹೇಳಿದಳು. "ಬೀದರದಾಗ ಜಡಿಗಿ ದವನ ಹಾಕ್ಕೊಂಡು ಅಬ್ಬಾನ ಮಗ್ಗಲಕ ಕೂಡ್ತಿದ್ದೆನಲ್ಲ, ಆಗ ಎರಡೂ ಕೂಡಿ ಒಂದು ವಾಸನಿ ಬರ್ತಿತ್ತು. ಅದು ಬೇಕಾಗ್ಯಾದ ನನಗ."

"ಊದಿಗಿ ನೀರು ಕುಡಿಸ್ಯಾಳ" ಎಂದು ಸಾಲೇಹಮಾಮಾ ಗೊಣಗಿದರು. "ನಮ್ಮಜ್ಜ ನೋಡಿದ್ರ ಗೋರ್‍ಯಾಗಿಂದ ಎದ್ದು ಬರ್ತಿದ್ದ."

"ಬರ್ಲಿ. ಅವರಿಗೂ ಒಂದು ಬಾಟ್ಲಿ ಮಾರ್ತೇನಿ" ಎಂದಳು ಮಗಳು.

ದವನವನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ ಬಾಯಿ ಕಟ್ಟಿಟ್ಟಳು. ಮೂರು ದಿನ ಬೇಕು ಎಂದಳು.

ನೆರೆಮನೆ

ಮರುದಿನ ಮಧ್ಯಾಹ್ನ ಸಾಲೇಹಮಾಮಾ ನನ್ನನ್ನು ನೆರೆಮನೆಯ ವ್ಯಾಪಾರಿಯಲ್ಲಿಗೆ ಕರೆದೊಯ್ದರು. ಆ ಮನೆಯವರು ಇವರನ್ನು "ಹಿಂದಿ", ಅಂದರೆ ಹಿಂದೂಸ್ತಾನದವನು, ಎಂದು ಕರೆದರು. ನಮ್ಮ ಕಡೆಯೇ ಹುಟ್ಟಿ ಬೆಳೆದು ಐವತ್ತು ವರ್ಷ "ಅರಬ" ಎನ್ನಿಸಿಕೊಂಡವರಿಗೆ ಇಲ್ಲಿ ಆ ಹೆಸರು. ಮಾಮಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಅಷ್ಟೇ.

ದಿಂಬಿಗೆ ಒರಗಿ ಚಹ ಕುಡಿದೆವು. ಬಳಿಕ ಮನೆಯ ಯಜಮಾನ ಧೂಪದಾರತಿಯಂಥ ಪಾತ್ರೆಯಲ್ಲಿ ಊದ್ ಹಾಕಿ ತಂದ. ನಮ್ಮಲ್ಲಿ ಧೂಪ ಬಂತೆಂದರೆ ಪೂಜೆ ಶುರುವಾಯಿತೆಂದು. ನಾನು ಎರಡೂ ಕೈಯಿಂದ ಹೊಗೆ ತೆಗೆದುಕೊಂಡು ಕಣ್ಣಿಗೊತ್ತಿ, ಮುಂದೇನು ಬರುತ್ತದೋ ಎಂದು ಚಕ್ಕಳಮಕ್ಕಳ ಹಾಕಿ ಭದ್ರವಾಗಿ ಕೂತೆ. ಏನೂ ಬರಲಿಲ್ಲ. ಯಜಮಾನ ನಗುತ್ತ ನಿಂತೇ ಇದ್ದ. ಉಳಿದವರು ಚಪ್ಪಲಿ ಮೆಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು. ನಾನೂ ಎಲ್ಲರನ್ನೂ ನೋಡಿ ನಕ್ಕೆ.

ಮಾಮಾ ಬಗ್ಗಿ ಕಿವಿಯಲ್ಲಿ, "ಏಳೋ ಮಾರಾಯಾ. ಊದ್ ಬಂತಂದ್ರ ಮನಿಗಿ ಹೋಗ್ರಿ ಅಂತ ಅರ್ಥ ಇಲ್ಲಿ" ಎಂದರು.

ಬೀದಿಯಲ್ಲಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅದೇ ನಗುವಿನಲ್ಲಿ ಮನೆ ಹತ್ತಿದೆವು. ಖೈರೂನಕ್ಕನಿಗೆ ಕತೆ ಹೇಳಿ ಕಣ್ಣೊರೆಸಿಕೊಂಡ ಮಾಮಾ, ನನ್ನ ಬೆನ್ನು ತಟ್ಟಿ, "ಆವತ್ತು ಇಂವ ಊರಾಗ ಇದ್ದಿದ್ರ ನಮ್ಮನ್ನ ಇಲ್ಲಿಗಿ ಬರಲಿಕ್ಕ ಬಿಡ್ತಿದ್ದಿಲ್ಲ" ಎಂದರು.

ಅದಕ್ಕಿಂತ ಮುಂದೆ ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

"ಇದ್ದೆ ಮಾಮಾ" ಎಂದೆ. "ಅಕ್ಕ ಬಂದಾಗ ಊರಾಗೇ ಇದ್ದೆ. ನಾಳಿಗಿ ಬರ್ತೇನಿ ಅಂತ ಹೇಳಿ ಕುಶನೂರಿಗಿ ಓಡಿ ಹೋದೆ. ಅಂಜಿದೆ."

ಅವರ ಮುಖದ ನಗು ಒಮ್ಮೆಲೇ ಹೋಗಲಿಲ್ಲ. ನಿಧಾನವಾಗಿ ಹೋಯಿತು. ಹೆಂಡತಿಯ ಕಡೆ ತಿರುಗಿದರು.

"ಊರಾಗ ಇಲ್ಲ ಅಂತ ಹೇಳಿದ್ದಿ."

"ಮರುದಿನ ಇದ್ದಿದ್ದಿಲ್ಲಲ್ಲ. ನಾ ಸುಳ್ಳು ಹೇಳಿಲ್ಲ" ಎಂದಳು ಖೈರೂನಕ್ಕ.

ಮಾಮಾ ಮೆಟ್ಟಿಲಿಳಿದು ಹೋದರು. ನಾನು ಅಲ್ಲೇ ನೆಲಕ್ಕೆ ಕೂತೆ.

"ಯಾಕ ಹೇಳಲಿಲ್ಲಕ್ಕ?"

"ಹೇಳಿದ್ರ ಬೀದರದಾಗ ಅವರಿಗಿ ಯಾರೂ ಉಳೀತಿದ್ದಿಲ್ಲ. ಇಲ್ಲಿ ಕೂತು ನೆನಸಲಿಕ್ಕ ಒಬ್ಬರಾದರೂ ಬೇಕಲ್ಲ" ಎಂದಳು. "ಆದ್ರ ನಾ ಮರೆತಿಲ್ಲ. ಆವತ್ತು ಬರಿಗಾಲಿಲೇ ಬಂದಿದ್ದೆ. ನೀ ಬಾಗಲಾ ಪೂರಾ ತೆಗೀಲೇ ಇಲ್ಲ. ಅದು ಮರೀಲಿಕ್ಕ ಆಗಂಗಿಲ್ಲ ನನಗ."



ಕಚೇರಿ

ಎರಡು ದಿನ ಸಾಲೇಹಮಾಮಾ ನನ್ನೊಡನೆ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಸಮುದ್ರದ ಕಡೆ ಹೋಗುವರು, ಊಟಕ್ಕೆ ಬಂದು ಗೋಡೆ ನೋಡಿಕೊಂಡು ಉಣ್ಣುವರು. ತಿರುಗಿ ಹೋಗುವ ಹಡಗು ಮುಂದಿನ ವಾರಕ್ಕಿತ್ತು. ನಾನು ಜೈನಬಳ ಕೋಣೆಯಲ್ಲಿ ಕೂತು ಬಾಟಲಿ ಒರೆಸಿದೆ, ಬಿರಡೆ ಹಾಕಿದೆ. ಮೂರನೆಯ ದಿನ ಅವಳು ದವನದ ರಸವನ್ನು ಶೋಧಿಸಿ, ಊದಿಗೆ ಹನಿ ಹನಿಯಾಗಿ ಸೇರಿಸುತ್ತ, ಕಾಗದದ ಪಟ್ಟಿ ಅದ್ದಿ ಮೂಸುತ್ತ ಹೋದಳು. ಮೊದಲು ದವನದ ಹಣ್ಣಿನಂಥ ಸಿಹಿ ಮೂಗಿಗೆ ಹತ್ತಿತು. ಅದು ಸರಿದ ಮೇಲೆ ಕೆಳಗಿನಿಂದ ಊದ್ ಎದ್ದು ಬಂತು, ಆದರೆ ಅಧಿಕಾರ ಚಲಾಯಿಸಲಿಲ್ಲ. ಜೈನಬ ಪಟ್ಟಿ ಕೆಳಗಿಟ್ಟು ನನ್ನ ಕಡೆ ನೋಡಿದಳು.

"ಇದೇ ಹೌದಲ್ಲ ಮಾಮಾ?"

"ಇದೇ ನೋಡವ್ವ" ಎಂದೆ.

ಆಗ ಬಾಗಿಲಲ್ಲಿ ಸಾಲೇಹಮಾಮಾ ಬಂದು ನಿಂತರು. ಕೋಟು, ಹೊಸ ರುಮಾಲು.

"ಏಳು. ಕಚೇರಿಗಿ ಹೋಗೋಣು."

"ಯಾವ ಕಚೇರಿ ಮಾಮಾ?"

"ನಿಮ್ಮ ಸರಕಾರದ್ದು ಇಲ್ಲೊಂದು ಅದ. ಆವತ್ತು ಹೇಳಬೇಕಾಗಿದ್ದ ಮಾತು ಇವತ್ತು ಹೇಳು. ತಡ ಆಗ್ಯಾದ, ಮಾತೇನು ಕೆಟ್ಟಿಲ್ಲ."

ಜೈನಬ ಎದ್ದು ರಬ್ಬರ್ ಬುರುಡೆಯ ಬಾಟಲಿ ಎತ್ತಿ ಅಪ್ಪನ ಕೋಟಿನ ಮೇಲೆ ಸುಯ್ಯನೆ ಚಿಮ್ಮಿಸಿದಳು. ಅವರು ಬೈಯಲಿಲ್ಲ. ದಾರಿಯಲ್ಲಿ ಎರಡು ಸಲ ತೋಳಿಗೆ ಮೂಗು ಹಚ್ಚಿದ್ದನ್ನು ನಾನು ನೋಡಿದೆ, ನೋಡದವನಂತೆ ನಡೆದೆ.

ಕಚೇರಿಯಲ್ಲಿ ಮದರಾಸಿನ ಕಡೆಯ ಗುಮಾಸ್ತರೊಬ್ಬರು ಟೈಪು ಯಂತ್ರದ ಮುಂದೆ ಕೂತಿದ್ದರು. ಮಾಮಾ ಹಿಂದೂಸ್ತಾನಕ್ಕೆ ತಿರುಗಿ ಹೋಗಲು ಅನುಮತಿ ಕೇಳಿ ಅರ್ಜಿ ಬರೆಸಿದರು. ಇವರು ಬೀದರದ ಹತ್ತಿರದ ಅಷ್ಟೂರಿನಲ್ಲಿ ಹುಟ್ಟಿದವರೆಂದು ನನಗೆ ಗೊತ್ತು ಎಂದೆ. ಗುಮಾಸ್ತರು ನನ್ನ ವಯಸ್ಸು ಕೇಳಿದರು. ನಲವತ್ತು ಎಂದೆ.

"ಅವರಿಗೆ ಐವತ್ತಾರು. ಅವರು ಹುಟ್ಟುವುದನ್ನು ನೀವು ಹೇಗೆ ನೋಡಿದಿರಿ?"

"ನೋಡಿಲ್ಲ ಸಾಹೇಬ್ರ. ಇವರನ್ನ ಹಾಕಿದ ತೊಟ್ಟಿಲ ನಮ್ಮ ಮನಿಯಿಂದ ಹೋಗಿತ್ತು. ನಮ್ಮಪ್ಪ ಹೇಳ್ತಿದ್ದ. ಅದೇ ತೊಟ್ಟಿಲದಾಗ ನನ್ನನ್ನೂ ಹಾಕ್ಯಾರ" ಎಂದು ಹಿಂದೂಸ್ತಾನಿ, ಕನ್ನಡ ಎಲ್ಲ ಬೆರೆಸಿ ಹೇಳಿದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಓಣಿಯ ಬಾಯಿಗೆ ಕುರ್ಚಿ ಹಾಕಿ ಕೂತದ್ದನ್ನೂ ಹೇಳಿದೆ. ಗುಮಾಸ್ತರು ಟೈಪು ಮಾಡುವುದನ್ನು ನಿಲ್ಲಿಸಿ, "ಕುರ್ಚಿಯ ಸಂಗತಿ ಅರ್ಜಿಗೆ ಬೇಕಿಲ್ಲ" ಎಂದರು.

"ಬರೀರಿ ಅದನ್ನೂ" ಎಂದರು ಸಾಲೇಹಮಾಮಾ.

ಗುಮಾಸ್ತರು ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿ, ಬರೆದರು. ನಾನು ಕನ್ನಡದಲ್ಲಿ ಸಹಿ ಹಾಕಿದೆ. ಹೊರಗೆ ಬಂದ ಮೇಲೆ ಮಾಮಾ ನನಗೆ ಏಲಕ್ಕಿ ಹಾಕಿದ ಹಾಲು ಚಹ ಕುಡಿಸಿದರು. ಕ್ಷಮಿಸಿದೆ ಎನ್ನಲಿಲ್ಲ. ಚಹ ಹೇಗಿದೆ ಎಂದು ಕೇಳಿದರು.

ಮತ್ತೆ ಬೀದರ

ಮರುವರ್ಷ ಮಳೆಗಾಲ ಮುಗಿದ ಮೇಲೆ ಅನುಮತಿ ಸಿಕ್ಕು ಮಾಮಾ, ಖೈರೂನಕ್ಕ ಇಬ್ಬರೂ ಬಂದರು. ಬೇಕಾದರೆ ಇಲ್ಲೇ ನೆಲೆಸಲು ಅರ್ಜಿ ಹಾಕಬಹುದು ಎಂದೂ ಆ ಕಾಗದದಲ್ಲಿತ್ತು. ಅವರ ಹಳೆಯ ಮನೆಯಲ್ಲಿ ಬೇರೆಯವರು ಸಂಸಾರ ಹೂಡಿದ್ದರು. ಸಾಲೇಹಮಾಮಾ ನಮ್ಮ ಮನೆಯಲ್ಲಿ ಇಳಿದುಕೊಂಡರು. ಖೈರೂನಕ್ಕ ಸ್ಟೇಷನ್ನಿನಿಂದಲೇ ನೇರ ಭಾಲ್ಕಿಗೆ, ತನ್ನ ಸ್ವಂತ ತಮ್ಮನ ಮನೆಗೆ ಹೋದಳು. ನಾನೂ ನನ್ನ ಹೆಂಡತಿಯೂ ನಾಲ್ಕಾರು ಸಲ ಭಾಲ್ಕಿಗೆ ಹೋಗಿ ಕರೆದೆವು. ಚಹ ಮಾಡಿ ಕೊಟ್ಟಳು, ಮಕ್ಕಳ ಸುದ್ದಿ ಕೇಳಿದಳು. "ನೋಡೋಣು" ಎಂದಳು. ಬರಲಿಲ್ಲ.

ಮಾಮಾ ಮೂರು ತಿಂಗಳು ನನ್ನ ಅಂಗಡಿಯಲ್ಲಿ ಕೂತರು. ಮೊದಮೊದಲು ಓಣಿಯವರು ದೂರದಿಂದ ನೋಡಿಕೊಂಡು ಹೋದರು. ಆಮೇಲೆ ಒಬ್ಬೊಬ್ಬರೇ ಬಂದು ಕಟ್ಟೆಗೆ ಕೂತು ಏಡನ್ನಿನ ಕತೆ ಕೇಳಿದರು. ಜೈನಬಳ ಅತ್ತರನ್ನು ಮಾಮಾ ಎಲ್ಲರ ಅಂಗಿಗೂ ಚಿಮ್ಮಿಸಿ, "ನನ್ನ ಮಗಳು ಮಾಡ್ಯಾಳ. ಊದ್ ಮತ್ತ ನಿಮ್ಮ ದವನ" ಎಂದು ಹೇಳುವರು. ನೀರು ಕುಡಿಸಿದ ಮಾತು ಎತ್ತಲೇ ಇಲ್ಲ.

ಆದರೆ ನೆಲೆಸಲು ಅರ್ಜಿ ಹಾಕಲಿಲ್ಲ. "ಇರಬಹುದು ಅಂತ ಗೊತ್ತಾಯ್ತು, ಸಾಕು. ಜೈನಬ ಅಲ್ಲಿ ಅದಾಳ" ಎಂದರು.

ಹೊರಡುವ ದಿನ ಮಧ್ಯಾಹ್ನ ಖೈರೂನಕ್ಕ ಭಾಲ್ಕಿಯಿಂದ ಬಂದು ಬೀದರ ಸ್ಟೇಷನ್ನಿನಲ್ಲಿ ಇಳಿದಳು. ಕೈಯಲ್ಲಿ ಒಂದು ಸಣ್ಣ ಗಂಟು ಮಾತ್ರ.

"ಟ್ರಂಕು ಎಲ್ಲಿ?" ಎಂದರು ಮಾಮಾ.

"ಭಾಲ್ಕ್ಯಾಗ ಅದ."

"ಅಂದ್ರ?"

"ನೀವು ಹೋಗ್ರಿ. ಜೈನಬಗ ಹೇಳ್ರಿ, ನಾ ಮುಂದಿನ ತಿಂಗಳು ಬರ್ತೇನಿ."

"ಇಷ್ಟು ದಿನ ಇದ್ದಿಯಲ್ಲ. ಇನ್ನೂ ಒಂದು ತಿಂಗಳು ಎಲ್ಲಿರ್ತಿ?"

ಖೈರೂನಕ್ಕ ಗಂಟನ್ನು ನನ್ನ ಕೈಗೆ ಕೊಟ್ಟಳು.

"ತಮ್ಮನ ಮನ್ಯಾಗ" ಎಂದಳು.

ಗಾಡಿ ಸೀಟಿ ಹೊಡೆಯಿತು. ಮಾಮಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಏನೋ ಕೂಗಿದರು, ಕೇಳಿಸಲಿಲ್ಲ. ಗಾಡಿ ತಿರುವು ದಾಟುವವರೆಗೆ ಅವಳು ನಿಂತು ನೋಡಿದಳು. ಸೆರಗು ಸರಿಮಾಡಿಕೊಂಡು, ನನಗಿಂತ ಮುಂದೆ, ಟಾಂಗಾಗಳು ನಿಂತ ಕಡೆ ನಡೆದಳು. ನಾನಿನ್ನೂ ಗಂಟು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ತಿರುಗಿ ನೋಡಿ ಗದರಿದಳು:

"ನಡಿಯೋ ತಮ್ಮಾ. ಮನಿ ಯಾವ ಕಡಿ ಅಂತ ನಾನೇ ತೋರಸಬೇಕೇನು?"